ತಾರಸಿಯೊಳಗೆ ಸೆನ್ಸರ್ ಇದ್ದರೆ ಸೆಂಟ್ರಿಂಗ್ ಬೇಗ ಬಿಚ್ಚಬಹುದೇ?

ಪ್ರಶ್ನೆ: ಡಿಸೆಂಬರ್ ಕೊನೆಯಲ್ಲಿ ನಮ್ಮ ಹೊಸ ಮನೆಗೆ ಮೋಲ್ಡ್ (ಕಾಂಕ್ರೀಟ್ ತಾರಸಿ) ಹಾಕಲಿದ್ದೇವೆ. ಹಜಾರದ ಅಗಲ 14 ಅಡಿ, ಬೀಮಿನ ಉದ್ದ 20 ಅಡಿ. ಪಿಪಿಸಿ ಸಿಮೆಂಟನ್ನು (ಹಾರುಬೂದಿಯಂಥ ಪುಡಿ ಬೆರೆಸಿದ ಸಿಮೆಂಟು) ಸಣ್ಣ ಮಿಕ್ಸರಿನಲ್ಲಿ ಕಲಸುತ್ತಾರೆ. ಕಾಂಕ್ರೀಟಿನೊಳಗೆ ಸೆನ್ಸರ್ ಹುದುಗಿಸಿದರೆ ಅದರ ಬಲವನ್ನು ಮೊಬೈಲಿನಲ್ಲೇ ನೋಡಿ ಸೆಂಟ್ರಿಂಗ್ (ಕಾಂಕ್ರೀಟನ್ನು ಹೊತ್ತ ತಾತ್ಕಾಲಿಕ ಶೀಟು, ಆಸರೆಗಳು) ಬೇಗ ಬಿಚ್ಚಬಹುದು, ಶೀಟುಗಳ ಬಾಡಿಗೆ ಉಳಿಯುತ್ತದೆ ಎಂದು ಎಂಜಿನಿಯರರು ಹೇಳುತ್ತಾರೆ. ಮೇಸ್ತ್ರಿಯವರು 21 ದಿನ ಮುಟ್ಟಲೇಬಾರದು ಎನ್ನುತ್ತಾರೆ. ಯಾರ ಮಾತು ಕೇಳಲಿ?
– ಓದುಗರು, ಮೂಡಿಗೆರೆ

ಉತ್ತರ: ನಿಮ್ಮ ಮನೆಯ ಮಟ್ಟಿಗೆ ಮೇಸ್ತ್ರಿಯವರ ಮಾತನ್ನೇ ಕೇಳಿ.

ಕಂಬಿಗೆ ಕಟ್ಟಿ ಹೂಳುವ ಈ ಸೆನ್ಸರ್ ಅಳೆಯುವುದು ಉಷ್ಣಾಂಶವನ್ನು, ಬಲವನ್ನಲ್ಲ. ಸಿಮೆಂಟು ನೀರಿನೊಡನೆ ಕೂಡಿ ಗಟ್ಟಿಯಾಗುವ ಕ್ರಿಯೆ ಬೆಚ್ಚಗಿದ್ದಾಗ ಬೇಗ, ತಣ್ಣಗಿದ್ದಾಗ ನಿಧಾನವಾಗಿ ನಡೆಯುವುದರಿಂದ, ಎಷ್ಟು ಹೊತ್ತು ಎಷ್ಟು ಉಷ್ಣಾಂಶವಿತ್ತು ಎಂಬ ಲೆಕ್ಕದ ಮೇಲೆ ಬಲವನ್ನು ಅಂದಾಜು ಮಾಡುತ್ತಾರೆ. ಆ ಅಂದಾಜು ನಂಬಿಕೆಗೆ ಅರ್ಹವಾಗಬೇಕಾದರೆ ಅದೇ ಮಿಶ್ರಣದ ಕ್ಯೂಬುಗಳನ್ನು (ಘನಾಕಾರದ ಪರೀಕ್ಷಾ ತುಂಡುಗಳನ್ನು) ಮೊದಲೇ ಎರಕ ಹೊಯ್ದು, ಬೇರೆ ಬೇರೆ ದಿನಗಳಂದು ಒಡೆದು ನೋಡಿ ಕೋಷ್ಟಕ ಸಿದ್ಧಪಡಿಸಿರಬೇಕು. ಒಂದೇ ಹದದ ರೆಡಿಮಿಕ್ಸ್ ಬರುವ ದೊಡ್ಡ ಕಟ್ಟಡಗಳಲ್ಲಿ ಇದು ನಿಜಕ್ಕೂ ಒಳ್ಳೆಯ ವಿಧಾನ. ಆದರೆ ನಿಮ್ಮ ಮಿಕ್ಸರಿಗೆ ಯಾರಾದರೂ ಹರಡಲು ಸುಲಭವಾಗಲೆಂದು ಅರ್ಧ ಬಕೆಟ್ ನೀರು ಹೆಚ್ಚು ಸುರಿದರೆ ಬಲ ಕುಗ್ಗುತ್ತದೆ, ಸೆನ್ಸರಿಗೆ ಅದು ತಿಳಿಯುವುದೇ ಇಲ್ಲ. ನಿಗದಿತ ಪ್ರಮಾಣದಲ್ಲಿ (ನಾಮಿನಲ್ ಮಿಕ್ಸ್) ಕಲಸುವ ಎಂ20 ದರ್ಜೆಯ ಕಾಂಕ್ರೀಟಿಗೆ 50 ಕೆ.ಜಿ. ಸಿಮೆಂಟಿಗೆ 30 ಲೀಟರ್ ನೀರು ಎಂಬ ಮಿತಿಯನ್ನು ಕಾಂಕ್ರೀಟ್ ಕೆಲಸದ ಭಾರತೀಯ ಮಾನಕವಾದ ಐಎಸ್ 456 ಸಂಹಿತೆ (2000) ಹಾಕಿದೆ. ಒದ್ದೆ ಮರಳಿನಲ್ಲಿರುವ ನೀರೂ ಈ ಲೆಕ್ಕಕ್ಕೆ ಸೇರಬೇಕು. ಮೋಲ್ಡ್ ದಿನ ಮಿಕ್ಸರಿನ ಪಕ್ಕದಲ್ಲಿ ನೀವೇ ನಿಂತು ನೋಡಬೇಕಾದದ್ದು ಇದೊಂದನ್ನೇ.

ಮೇಸ್ತ್ರಿಯವರ 21 ದಿನ ಬರಿಯ ರೂಢಿಯಲ್ಲ. 6 ಮೀಟರಿಗಿಂತ ಉದ್ದದ ಬೀಮಿನ ಆಸರೆಯನ್ನು 21 ದಿನ ತೆಗೆಯಬಾರದೆಂದು ಅದೇ ಸಂಹಿತೆ ಹೇಳುತ್ತದೆ, ನಿಮ್ಮ 20 ಅಡಿ ಅದಕ್ಕಿಂತ ತುಸು ಹೆಚ್ಚೇ ಇದೆ. 4.5 ಮೀಟರ್ ಒಳಗಿನ (ನಿಮ್ಮ 14 ಅಡಿ ಹಜಾರದಂಥ) ತಾರಸಿಗೆ 7 ದಿನ ಸಾಕೆಂಬ ಮಾತೂ ಅದರಲ್ಲಿದೆ. ಆದರೆ ಅದು ಸಾಧಾರಣ ಪೋರ್ಟ್‌ಲ್ಯಾಂಡ್ ಸಿಮೆಂಟಿಗೆ, ಉಷ್ಣಾಂಶ 15 ಡಿಗ್ರಿಗಿಂತ ಇಳಿಯದಿದ್ದರೆ ಹೇಳಿದ ಮಾತು. ಪಿಪಿಸಿ ಬಲಗೊಳ್ಳುವುದು ನಿಧಾನ. ಮಲೆನಾಡಿನ ಆ ಚಳಿಯೂ ನಿಮಗೆ ಗೊತ್ತೇ ಇದೆ. ಹಾಗಾಗಿ ಬೀಮಿನ ಆಸರೆ 21 ದಿನ ಇರಲಿ, ಹಜಾರದ ಶೀಟುಗಳನ್ನೂ 14 ದಿನದೊಳಗೆ ಬಿಚ್ಚಲು ನಾನು ಒಪ್ಪುವುದಿಲ್ಲ.

ಸೆನ್ಸರ್ ಬೇಕೆನ್ನುವ ಎಂಜಿನಿಯರರ ಮಾತಿನಲ್ಲೂ ಒಂದು ಸತ್ಯವಿದೆ: ಪ್ರಯೋಗಾಲಯದ ಬೆಚ್ಚನೆಯ ನೀರಿನಲ್ಲಿಟ್ಟ ಕ್ಯೂಬು ಚಳಿಯಲ್ಲಿರುವ ತಾರಸಿಯ ಸ್ಥಿತಿಯನ್ನು ಹೇಳಲಾರದು. ಅದಕ್ಕೆ 150 ಮಿ.ಮೀ.ಯ ಆರು ಕ್ಯೂಬುಗಳನ್ನು ತೆಗೆಸಿ, ಮೂರನ್ನು 28ನೇ ದಿನದ ಪರೀಕ್ಷೆಗೆ ಕಳುಹಿಸಿ. ಉಳಿದ ಮೂರನ್ನು ತಾರಸಿಯ ಮೇಲೆ ಅದೇ ಒದ್ದೆ ಗೋಣಿಚೀಲದಡಿ ಇಟ್ಟು, ಶೀಟು ಬಿಚ್ಚುವ ಮುನ್ನ ಒಡೆಸಿ, ಬಂದ ಅಂಕಿಯನ್ನು ಎಂಜಿನಿಯರರಿಗೆ ಕೊಡಿ. ಪಾತಿ ಕಟ್ಟಿ ನೀರು ನಿಲ್ಲಿಸುವುದನ್ನು ಹತ್ತು ದಿನಕ್ಕಿಂತ ಮೊದಲು ಯಾವ ಕಾರಣಕ್ಕೂ ಕೈಬಿಡಬೇಡಿ. ಒಣಗಾಳಿ ಬೀಸುತ್ತಿದ್ದರೆ ಹದಿನಾಲ್ಕು ದಿನ ಮಾಡಿ.