ಕೀಳಿಸೋದು ಉಚಿತ, ಉಳಿಸೋದು?

ಪ್ರಿಯ ಸೋದರಿ,

ಉತ್ತರ ತಡವಾಯಿತು, ಕ್ಷಮಿಸಿ. ನಿಮ್ಮ ನಾಲ್ಕು ಪುಟದ ಪತ್ರವನ್ನು ಪೂರ್ತಿ ಅಚ್ಚು ಹಾಕಲು ಜಾಗವಿಲ್ಲ. ಉಳಿದ ಓದುಗರಿಗಾಗಿ ಅದರಲ್ಲಿ ಇರುವುದನ್ನು ಚಿಕ್ಕದಾಗಿ ಹೇಳಿಬಿಡುತ್ತೇನೆ.

ನಿಮ್ಮ ತಾಯಿಗೆ 48 ವರ್ಷ. ಕೆಳಗಿನ ದವಡೆ ಹಲ್ಲು ಎರಡು ತಿಂಗಳಿಂದ ನೋವು. ಮೊದಲು ಲವಂಗ ಇಟ್ಟುಕೊಂಡರು. ಆಮೇಲೆ ಮೆಡಿಕಲ್ ಶಾಪಿನ ಮಾತ್ರೆ. ತಾಲ್ಲೂಕು ಆಸ್ಪತ್ರೆಗೆ ಮೂರು ಸಲ ಕರೆದುಕೊಂಡು ಹೋದಿರಿ. ಒಂದು ಸಲ ಡಾಕ್ಟರು ಕ್ಯಾಂಪಿಗೆ ಹೋಗಿದ್ದರು. ಇನ್ನೊಂದು ಸಲ ಕುರ್ಚಿ ಕೆಟ್ಟಿತ್ತು. ಮೂರನೇ ಸಲ ಡಾಕ್ಟರು ಸಿಕ್ಕರು, ಚೆನ್ನಾಗಿಯೇ ನೋಡಿದರು. 'ಇಲ್ಲಿ ಕೀಳಬಹುದು ಅಷ್ಟೇ ಅಮ್ಮ, ಉಳಿಸಬೇಕು ಅಂದ್ರೆ ಹೊರಗೆ ಹೋಗಿ' ಅಂದರು. ಹೊರಗಿನ ಕ್ಲಿನಿಕ್ಕಿನಲ್ಲಿ ರೂಟ್ ಕೆನಾಲ್, ಕ್ಯಾಪ್ ಸೇರಿ 9,000 ರೂಪಾಯಿ ಕೇಳಿದರು. ಬಟ್ಟೆ ಹೊಲಿದು ನೀವು ತಿಂಗಳಿಗೆ ದುಡಿಯುವುದು ಅದಕ್ಕಿಂತ ಕಡಿಮೆ. 'ಬಡವರ ಹಲ್ಲು ಇರೋದು ಕೀಳೋಕೆ ಮಾತ್ರಾನಾ?' ಅಂತ ಕೇಳಿದ್ದೀರಿ.

ಇವತ್ತು ಬಹಳ ಕಡೆ ನಡೆಯುತ್ತಿರುವುದು ಹಾಗೆಯೇ. ಅದು ತಪ್ಪು ಅಂತ ನಾನು ನಂಬಿದ್ದೇನೆ.

ನಮ್ಮ ಅಜ್ಜಿಗೆ ಬೇಗನೇ ಹಲ್ಲೆಲ್ಲ ಹೋಗಿತ್ತು. ಎಲೆ ಅಡಿಕೆಯನ್ನು ಕುಟ್ಟಾಣಿಯಲ್ಲಿ ಕುಟ್ಟಿಕೊಡುವುದು ನನ್ನ ಕೆಲಸ. ಮುದ್ದೆಯನ್ನೇನೋ ನುಂಗುತ್ತಿದ್ದರು. ಸಾರಿನೊಳಗಿನ ಅವರೆಕಾಳನ್ನು ಮಾತ್ರ ಒಂದೊಂದಾಗಿ ತಟ್ಟೆಯ ಅಂಚಿಗೆ ಸರಿಸಿ, ಊಟದ ಕೊನೆಗೆ ನನ್ನ ತಟ್ಟೆಗೆ ಹಾಕುತ್ತಿದ್ದರು. ಮೊಮ್ಮಗುವಿನ ಮೇಲಿನ ಪ್ರೀತಿ ಅಂದುಕೊಂಡಿದ್ದೆ. ಅಗಿಯೋಕೆ ಆಗದೆ ಕೊಡುತ್ತಿದ್ದರು ಅಂತ ಗೊತ್ತಾಗುವ ಹೊತ್ತಿಗೆ ಅಜ್ಜಿ ಇರಲಿಲ್ಲ.

ನಿಮಗೆ ಸಿಕ್ಕ ಡಾಕ್ಟರ ಮೇಲೆ ನನಗೆ ಸಿಟ್ಟಿಲ್ಲ. ಕೀಳೋದಕ್ಕೆ ಒಂದು ಇಂಜೆಕ್ಷನ್, ಇಕ್ಕಳ, ಹತ್ತಿ ಸಾಕು. ಸುಲಭದ ಹಲ್ಲಾದರೆ ಕಾಲು ಗಂಟೆಯ ಕೆಲಸ. ರೂಟ್ ಕೆನಾಲ್ ಹಾಗಲ್ಲ. ಎಕ್ಸ್‌ರೇ ಬೇಕು. ಬೇರಿನೊಳಗಿನ ಕೊಳೆತ ನರ ತೆಗೆದು ಸ್ವಚ್ಛ ಮಾಡಲು ಕೂದಲೆಳೆಯಂಥ ಸಣ್ಣ ಫೈಲುಗಳು ಬೇಕು, ತುಂಬಲು ಸಾಮಾನು ಬೇಕು. ಎಷ್ಟೋ ಸಲ ಎರಡು ಮೂರು ಬಾರಿ ಕೂರಿಸಬೇಕು. ಹೊರಗೆ ಸಾಲು ನಿಂತಿರುತ್ತದೆ, ಒಳಗೆ ಒಬ್ಬರೇ ಡಾಕ್ಟರು, ಒಂದೇ ಕುರ್ಚಿ. ಡ್ರಿಲ್ಲಿಗೆ ಗಾಳಿ ಒದಗಿಸುವ ಕಂಪ್ರೆಸರ್ ಕೆಟ್ಟರೆ ಅದೂ ಇಲ್ಲ. ಒಳ್ಳೆಯ ಡಾಕ್ಟರೂ ಅಲ್ಲಿ ಇಕ್ಕಳ ಹಿಡಿಯಬೇಕಾಗುತ್ತದೆ.

ಹಾಗಾದರೆ ನಮ್ಮ ರಾಜ್ಯದಲ್ಲಿ ದಂತವೈದ್ಯರು ಕಡಿಮೆಯಾ? ಖಂಡಿತ ಇಲ್ಲ. 40ಕ್ಕೂ ಹೆಚ್ಚು ದಂತ ಕಾಲೇಜುಗಳಿವೆ. ಓದಿದವರು ಬೆಂಗಳೂರು, ಮಂಗಳೂರಿನ ಒಂದೊಂದು ರಸ್ತೆಯಲ್ಲೂ ಬೋರ್ಡ್ ಹಾಕಿಕೊಂಡು ಕೂತಿದ್ದಾರೆ. ಹಳ್ಳಿಗೆ ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ದಂತವೈದ್ಯರ ಹುದ್ದೆಯೇ ಇರುವುದಿಲ್ಲ. ನಿಮ್ಮ ಆರೋಗ್ಯ ಕಾರ್ಡ್ ಬಗ್ಗೆಯೂ ಕೇಳಿದ್ದೀರಿ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಹೆಚ್ಚಾಗಿ ಆಸ್ಪತ್ರೆಗೆ ಸೇರಿ ಪಡೆಯುವ ದೊಡ್ಡ ಚಿಕಿತ್ಸೆಗೆ. ದವಡೆ ಮೂಳೆ ಮುರಿದರೆ, ಬಾಯಿ ಕ್ಯಾನ್ಸರ್ ಆದರೆ ಉಪಯೋಗಕ್ಕೆ ಬರುತ್ತದೆ. ಹುಳುಕು ತುಂಬಿಸಲು ಬರುವುದಿಲ್ಲ.

ದಂತ ಭಾಗ್ಯ ಯೋಜನೆ ಇದೆಯಲ್ಲ ಅಂತ ಯಾರಾದರೂ ಹೇಳಬಹುದು. ಇದೆ, ಒಳ್ಳೆಯದೇ. ಬಿಪಿಎಲ್ ಕುಟುಂಬದವರಿಗೆ ದಂತ ಕಾಲೇಜುಗಳ ಮೂಲಕ ಉಚಿತವಾಗಿ ಹಲ್ಲಿನ ಸೆಟ್ ಕೊಡುವ ಯೋಜನೆ ಅದು. ಮೊದಲು 60 ದಾಟಿದವರಿಗಿತ್ತು, ಆಮೇಲೆ ವಯಸ್ಸನ್ನು 45ಕ್ಕೆ ಇಳಿಸಿದರು. ನಲವತ್ತೈದಕ್ಕೇ ಸೆಟ್ ಹಲ್ಲು ಬೇಕಾಗುವಷ್ಟು ಜನ ನಮ್ಮಲ್ಲಿದ್ದಾರೆ ಅನ್ನೋದನ್ನು ಸ್ವಲ್ಪ ಯೋಚನೆ ಮಾಡಿ. ಸ್ವಂತ ಹಲ್ಲಿನಷ್ಟು ಗಟ್ಟಿಯಾಗಿ ಸೆಟ್ಟಿನಲ್ಲಿ ಅಗಿಯೋಕೆ ಆಗಲ್ಲ. ಎಷ್ಟೋ ಹಿರಿಯರು ಅದನ್ನು ಡಬ್ಬಿಯಲ್ಲಿಟ್ಟು ಮದುವೆ ಮನೆಗೆ ಹೋಗುವಾಗ ಮಾತ್ರ ಹಾಕಿಕೊಳ್ಳುತ್ತಾರೆ.

ಆದ್ದರಿಂದ ನಾವು ಕೇಳಬೇಕಾದ್ದು ಒಂದೇ. ಹಲ್ಲು ಉಳಿಸುವ ಕೆಲಸ ತಾಲ್ಲೂಕಿನಲ್ಲೇ ಆಗಬೇಕು, ಸಣ್ಣ ಹುಳುಕಾದರೆ ಹಳ್ಳಿಯಲ್ಲೇ ಆಗಬೇಕು. ಇದು ಆಗದ ಮಾತಲ್ಲ. ಡ್ರಿಲ್ ಇಲ್ಲದೆ, ಕರೆಂಟ್ ಇಲ್ಲದೆ, ಕೈ ಸಲಕರಣೆಯಿಂದಲೇ ಹುಳುಕು ಕೆರೆದು ತೆಗೆದು ಗ್ಲಾಸ್ ಅಯೋನೊಮರ್ ಸಿಮೆಂಟ್ ತುಂಬುವ ವಿಧಾನವಿದೆ. 1980ರ ದಶಕದಲ್ಲಿ ಆಫ್ರಿಕಾದ ತಾಂಜಾನಿಯಾದಲ್ಲಿ ಶುರುವಾದದ್ದು. ನಮ್ಮ ಹಳ್ಳಿಗಳಂಥ ಊರುಗಳಿಗಾಗಿಯೇ ಹುಟ್ಟಿದ್ದು. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಈ ಸಿಮೆಂಟನ್ನೂ, ಹುಳುಕು ಮುಂದುವರಿಯದಂತೆ ಹಚ್ಚುವ ಸಿಲ್ವರ್ ಡೈಅಮೈನ್ ಫ್ಲೋರೈಡನ್ನೂ ಅಗತ್ಯ ಔಷಧಿಗಳ ಪಟ್ಟಿಗೆ ಸೇರಿಸಿತು. ಪ್ಯಾರಸಿಟಮಾಲ್ ಇರುವ ಅದೇ ಪಟ್ಟಿ. ನಿಮ್ಮ ತಾಯಿಯ ಹಲ್ಲಿನಲ್ಲಿ ಸಾಸಿವೆ ಕಾಳಿನಷ್ಟು ತೂತಿದ್ದಾಗ ಯಾರಾದರೂ ಇದನ್ನು ತುಂಬಿದ್ದರೆ 9,000 ರೂಪಾಯಿಯ ಮಾತೇ ಬರುತ್ತಿರಲಿಲ್ಲವೇನೋ.

ದುಡ್ಡಿನ ದಾರಿಯೂ ಇದೆ. ಕೇಂದ್ರದ ರಾಷ್ಟ್ರೀಯ ಬಾಯಿ ಆರೋಗ್ಯ ಕಾರ್ಯಕ್ರಮ 2014-15ರಿಂದ ನಡೆಯುತ್ತಿದೆ. ಸರ್ಕಾರಿ ಆಸ್ಪತ್ರೆಗಳ ದಂತ ವಿಭಾಗಕ್ಕೆ ಸಿಬ್ಬಂದಿ, ಸಲಕರಣೆ, ಸಾಮಾನು ಕೊಡಿಸುವುದು ಅದರ ಕೆಲಸ. ನಿಮ್ಮ ಆಸ್ಪತ್ರೆಯ ಉಸ್ತುವಾರಿ ನೋಡುವ ಆರೋಗ್ಯ ರಕ್ಷಾ ಸಮಿತಿಗೆ ಒಂದು ಅರ್ಜಿ ಬರೆಯಿರಿ. ಕುರ್ಚಿ ಯಾವಾಗ ರಿಪೇರಿ, ಎಕ್ಸ್‌ರೇ ಇದೆಯಾ, ತುಂಬುವ ಸಿಮೆಂಟ್ ಇದೆಯಾ, ಈ ಮೂರನ್ನೇ ಕೇಳಿ. ಒಬ್ಬರೇ ಬರೆಯಬೇಡಿ, ನಿಮ್ಮ ಸ್ತ್ರೀಶಕ್ತಿ ಸಂಘದವರ ಸಹಿಯೂ ಇರಲಿ. ಸ್ವೀಕೃತಿ ಪಡೆಯದೆ ವಾಪಸ್ ಬರಬೇಡಿ.

ಅರ್ಜಿಗೆ ಉತ್ತರ ಬರುವ ತನಕ ನೋವು ಕಾಯೋದಿಲ್ಲ, ಅಲ್ವಾ? ತಾಯಿಯನ್ನು ದಂತ ಕಾಲೇಜಿಗೆ ಕರೆದುಕೊಂಡು ಹೋಗಿ. ಬೆಂಗಳೂರಿನ ಕೋಟೆ ಪ್ರದೇಶದಲ್ಲಿ, ವಿಕ್ಟೋರಿಯಾ ಆಸ್ಪತ್ರೆಯ ಬಳಿ, ಸರ್ಕಾರಿ ದಂತ ಕಾಲೇಜಿದೆ. ಬಳ್ಳಾರಿಯಲ್ಲೂ ಸರ್ಕಾರಿ ಕಾಲೇಜಿದೆ. ದಾವಣಗೆರೆಯಲ್ಲಿ ಎರಡು ಖಾಸಗಿ ಕಾಲೇಜುಗಳಿವೆ, ಅಲ್ಲೂ ಕ್ಲಿನಿಕ್ಕಿಗಿಂತ ಖರ್ಚು ಸಾಮಾನ್ಯವಾಗಿ ಕಡಿಮೆ. ವಿದ್ಯಾರ್ಥಿಗಳು ಕೈಯಿಡುತ್ತಾರೆ ಅಂತ ಹೆದರಬೇಡಿ. ಪ್ರತಿ ಹಂತವನ್ನೂ ಅವರು ಮೇಷ್ಟರಿಗೆ ತೋರಿಸಿಯೇ ಮುಂದೆ ಹೋಗಬೇಕು. ಅದಕ್ಕೇ ನಿಧಾನ. ಶಕ್ತಿ ಯೋಜನೆ ಇರುವುದರಿಂದ ಸರ್ಕಾರಿ ಬಸ್ಸಿನಲ್ಲಿ ನಿಮಗಿಬ್ಬರಿಗೂ ಟಿಕೆಟ್ ದುಡ್ಡಿಲ್ಲ. ದಿನದ ದುಡಿಮೆ ಮಾತ್ರ ಹೋಗುತ್ತದೆ, ಅದನ್ನು ನಾನು ಸುಲಭ ಅನ್ನೋದಿಲ್ಲ. ಮೊದಲ ದಿನವೇ ಎಷ್ಟು ಸಲ ಬರಬೇಕು, ಒಟ್ಟು ಎಷ್ಟಾಗುತ್ತದೆ ಅಂತ ಕೇಳಿ ಬರೆಸಿಕೊಳ್ಳಿ. ಬೆಳಿಗ್ಗೆ ಒಪಿಡಿ ತೆರೆಯುವ ಮೊದಲೇ ಸಾಲಿನಲ್ಲಿರಿ.

ಇನ್ನೊಂದು ಮಾತು. ಮುಖ ಊದಿ, ಊತ ಕತ್ತಿನ ಕಡೆ ಇಳಿದು, ಜ್ವರ ಬಂದು, ಬಾಯಿ ತೆರೆಯಲು ಅಥವಾ ನುಂಗಲು ಕಷ್ಟವಾದರೆ ಒಂದು ಗಂಟೆಯೂ ಕಾಯಬೇಡಿ. ಹತ್ತಿರದ ದೊಡ್ಡ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗಿ. ಹಲ್ಲಿನ ಕೀವು ಉಸಿರಿಗೇ ಅಡ್ಡ ಬರಬಹುದು. ಮಾತ್ರೆ ನೋವನ್ನು ಮುಚ್ಚುತ್ತದೆ, ಒಳಗಿನ ಕೀವನ್ನು ತೆಗೆಯುವುದಿಲ್ಲ. ಮತ್ತೆ, ಹಲ್ಲು ಕೀಳಿಸಿದರೆ ಕಣ್ಣು ಹೋಗುತ್ತದೆ ಅಂತ ಪಕ್ಕದ ಮನೆಯವರು ಹೇಳಿದ್ದು ಸುಳ್ಳು. ತಾಯಿಗೆ ಧೈರ್ಯ ಹೇಳಿ.

ಹಲ್ಲು ಇನ್ನೂ ಅಲ್ಲಾಡುತ್ತಿಲ್ಲ ಅಂತ ಬರೆದಿದ್ದೀರಿ. ಹಾಗಿದ್ದರೆ ಕೀಳಿಸುವ ತೀರ್ಮಾನಕ್ಕೆ ಮೊದಲು ಒಂದು ಎಕ್ಸ್‌ರೇ ಆಗಲಿ. ಅದರಲ್ಲಿ ಏನು ಕಂಡಿತು ಅಂತ ನನಗೆ ಬರೆಯಿರಿ. ಅರ್ಜಿಯ ಒಂದು ಪ್ರತಿಯನ್ನೂ ಕಳಿಸಿ, ಮುಂದಿನ ಸಂಚಿಕೆಯಲ್ಲಿ ಅಚ್ಚು ಹಾಕುತ್ತೇನೆ.

ನಿಮ್ಮ
ಸಂಪಾದಕ