ತಪ್ಪಿದ್ದು ಲೆಕ್ಕ, ಸಂಶಯ ಪತ್ನಿಯ ಮೇಲೆ: ಒಂದು ಆಪ್ತಸಲಹೆ ಪ್ರಕರಣ

ಪುಣೆಯ ನಿಗಡಿಯಲ್ಲಿ ವಾಸವಾಗಿರುವ, ಚಿಂಚವಡದ ಕಾರ್ಖಾನೆಯೊಂದರಲ್ಲಿ ಕೆಲಸ ಮಾಡುವ, ವಿಜಯಪುರದ ಕಡೆಯ ನಡುವಯಸ್ಸಿನ ಗೃಹಸ್ಥರೊಬ್ಬರು ಪತ್ನಿಯೊಡನೆ ನನ್ನಲ್ಲಿಗೆ ಬಂದಿದ್ದರು. ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಿದ್ದೇನೆ. ಟೈಪ್ 2 ಮಧುಮೇಹವಿರುವ ಅವರು ದಿನಕ್ಕೆ 90 ಗ್ರಾಂ ಕಾರ್ಬೋಹೈಡ್ರೇಟ್ (ಕಾರ್ಬ್, ಅಂದರೆ ರಕ್ತದಲ್ಲಿ ಸಕ್ಕರೆಯಾಗುವ ಪಿಷ್ಟ, ಸಕ್ಕರೆಗಳ ಅಂಶ) ಮೀರಬಾರದೆಂದು ನಿಶ್ಚಯಿಸಿಕೊಂಡು, ತಿಂದದ್ದನ್ನೆಲ್ಲ ತೂಗಿ ಡೈರಿಯಲ್ಲಿ ಬರೆಯುತ್ತಿದ್ದರು. ಮೊತ್ತ ಎಂದೂ 85 ದಾಟಿರಲಿಲ್ಲ. ಆದರೂ ಊಟವಾದ ಎರಡು ತಾಸಿನ ನಂತರ ರಕ್ತದ ಸಕ್ಕರೆ 200ರ ಮೇಲೆಯೇ ಇರುತ್ತಿತ್ತು. "ಈಕಿ ಬದನೀಕಾಯಿ ಪಲ್ಯಾಕ್ಕ ಬೆಲ್ಲ ಹಾಕೂದು ಬಿಟ್ಟಿಲ್ರಿ ಮೇಡಂ" ಎಂಬುದು ಅವರ ತೀರ್ಮಾನವಾಗಿತ್ತು. ಪತ್ನಿ ಮೆಲ್ಲಗೆ, "ಮನ್ಯಾಗ ಬೆಲ್ಲಾನ ಇಲ್ರಿ" ಎಂದಷ್ಟೇ ಹೇಳಿದರು. ಇಬ್ಬರೂ ಒಂದೇ ತಾಟಿನ ಮುಂದೆ ಕೂತು ಉಣ್ಣುವುದು ನಿಂತುಹೋಗಿತ್ತು.

ಮೊದಲು ನಾನು ಕೇಳಿದ್ದು ಗುಳಿಗೆಗಳ ಚೀಟಿಯನ್ನು. ಅದರಲ್ಲಿ ಮೆಟ್‌ಫಾರ್ಮಿನ್ ಜೊತೆಗೆ ಗ್ಲಿಮಿಪಿರೈಡ್ ಕೂಡ ಇತ್ತು. ಈ ಎರಡನೆಯದನ್ನು ನುಂಗುತ್ತಿರುವವರು ಕಾರ್ಬ್ ಅನ್ನು ನಿಜವಾಗಿಯೂ ತಗ್ಗಿಸಿದರೆ ಸಕ್ಕರೆ ಅಪಾಯದ ಮಟ್ಟಕ್ಕೆ ಇಳಿಯಬಹುದು. ಇನ್ಸುಲಿನ್ ತೆಗೆದುಕೊಳ್ಳುವವರಿಗೂ ಇದೇ ಮಾತು. ಸಕ್ಕರೆಯನ್ನು ಮೂತ್ರದಲ್ಲಿ ಹೊರಹಾಕುವ ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್‌ನಂಥ ಗುಳಿಗೆಗಳಿದ್ದರೆ, ಕಾರ್ಬ್ ತೀರ ತಗ್ಗಿಸಿದಾಗ, ಸಕ್ಕರೆ ಹೆಚ್ಚಿಲ್ಲದಿದ್ದರೂ ರಕ್ತ ಆಮ್ಲೀಯವಾಗುವ ಕೀಟೋಆಸಿಡೋಸಿಸ್‌ನ ಭಯವಿದೆ. ಆದ್ದರಿಂದ ಲೆಕ್ಕ ಸರಿಪಡಿಸಿ ಊಟ ಕಡಿಮೆ ಮಾಡುವ ಮೊದಲೇ ವೈದ್ಯರನ್ನು ಕಂಡು ಗುಳಿಗೆಯ ಪ್ರಮಾಣ ಗೊತ್ತುಮಾಡಿಸಿಕೊಳ್ಳಬೇಕೆಂದು ಕಟ್ಟುನಿಟ್ಟಾಗಿ ಹೇಳಿದೆ.

ಆಮೇಲೆ ಡೈರಿಯ ಒಂದು ದಿನವನ್ನು ಮೂವರೂ ಕೂಡಿ ಬಿಡಿಸಿ ನೋಡಿದೆವು. ಎರಡು ಜೋಳದ ರೊಟ್ಟಿಗೆ, ಅಂದರೆ 80 ಗ್ರಾಂ ಹಿಟ್ಟಿಗೆ, 46 ಗ್ರಾಂ ಎಂದು ಬರೆದಿದ್ದರು. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ 2017ರ ಆಹಾರ ಕೋಷ್ಟಕದಂತೆ 100 ಗ್ರಾಂ ಜೋಳದಲ್ಲಿ ಸುಮಾರು 68 ಗ್ರಾಂ ಕಾರ್ಬ್ ಇದ್ದು, ರಕ್ತದ ಸಕ್ಕರೆ ಏರಿಸದ ನಾರಿನಂಶವನ್ನು, ಸುಮಾರು 10 ಗ್ರಾಂ, ಬೇರೆಯಾಗಿ ತೋರಿಸಲಾಗಿದೆ. ಈ 68 ನಾರನ್ನು ಬಿಟ್ಟ ಅಂಕಿಯೇ ಆಗಿದೆ. ಅಮೆರಿಕದ ಪೊಟ್ಟಣಗಳಲ್ಲಿ ಒಟ್ಟು ಕಾರ್ಬ್‌ನಲ್ಲಿ ನಾರೂ ಸೇರಿರುತ್ತದೆಯಾದ್ದರಿಂದ ಅಲ್ಲಿ ಅದನ್ನು ಕಳೆಯುವ ರೂಢಿಯಿದೆ; ಈ ಗೃಹಸ್ಥರು ಆ ರೂಢಿಯನ್ನು ಈ ಕೋಷ್ಟಕಕ್ಕೂ ಅನ್ವಯಿಸಿ, ಒಮ್ಮೆ ಕಳೆದದ್ದನ್ನೇ ಮತ್ತೊಮ್ಮೆ ಕಳೆದಿದ್ದರು. ನಿಜವಾದ ಲೆಕ್ಕ 54.

ತೊಗರಿಬೇಳೆಯಲ್ಲಿ ತಪ್ಪು ಇನ್ನೂ ದೊಡ್ಡದಿತ್ತು. 30 ಗ್ರಾಂ ಒಣ ಬೇಳೆ ತೂಗಿ, ಮೊಬೈಲ್ ಆ್ಯಪಿನಲ್ಲಿ ಬೇಯಿಸಿದ ತೆಳು ಬೇಳೆಯ ಸಾಲನ್ನು ಒತ್ತಿ 4 ಗ್ರಾಂ ಎಂದು ಬರೆದಿದ್ದರು. ಒಣ ಬೇಳೆಯಲ್ಲಿ ಅರ್ಧಕ್ಕಿಂತ ಹೆಚ್ಚು ಭಾಗ ಕಾರ್ಬ್ ಇರುವುದರಿಂದ ಅದು 16-17 ಗ್ರಾಂ ಆಗಬೇಕಿತ್ತು. ಇನ್ನು ಕಾರ್ಖಾನೆಯ ಮಶೀನ್ ಚಹಾ. ಮೂರು ಕಪ್ ಕುಡಿಯುತ್ತಿದ್ದರು, ತಾವು ಸಕ್ಕರೆ ಹಾಕಿಕೊಳ್ಳುವುದಿಲ್ಲವೆಂದು ಸೊನ್ನೆ ಬರೆಯುತ್ತಿದ್ದರು. ಆ ಪುಡಿಯಲ್ಲಿ ಹಾಲಿನ ಪುಡಿಯೂ ಸಕ್ಕರೆಯೂ ಮೊದಲೇ ಬೆರೆತಿತ್ತು. ಕ್ಯಾಂಟೀನಿನಿಂದ ಅವರೇ ತಂದಿದ್ದ ಪೊಟ್ಟಣದ ಫೋಟೋದಲ್ಲಿ ಕಪ್ಪಿಗೆ 10 ಗ್ರಾಂ ಎಂದು ಅಚ್ಚಾಗಿತ್ತು. ಕೂಡಿಸಿದಾಗ ಡೈರಿಯ 85, ಸುಮಾರು 135 ಆಯಿತು. ಸಾಮಾನ್ಯವಾಗಿ ದಿನಕ್ಕೆ 130ರ ಒಳಗಿದ್ದರೆ ಕಡಿಮೆ ಕಾರ್ಬ್ ಎನ್ನುತ್ತಾರೆ. ಇವರು ಆ ಗೆರೆಯನ್ನೇ ದಾಟಿದ್ದರು. ಬೆಲ್ಲದ ಪ್ರಶ್ನೆಯೇ ಬರಲಿಲ್ಲ.

ನಾನು ಕೊಟ್ಟ ಸಲಹೆ ಸರಳವಾದದ್ದು: ಹಸಿ ಪದಾರ್ಥಕ್ಕೆ ಹಸಿಯ ಅಂಕಿ, ಬೇಯಿಸಿದ್ದಕ್ಕೆ ಬೇಯಿಸಿದ್ದರ ಅಂಕಿ, ಮತ್ತು ಇಡೀ ಮನೆಗೆ ಒಂದೇ ಕೋಷ್ಟಕ. ನಾದುವ ಮೊದಲೇ ಹಿಟ್ಟು ತೂಗಬೇಕು. 400 ಗ್ರಾಂನಲ್ಲಿ ಹತ್ತು ರೊಟ್ಟಿಯಾದರೆ ಒಂದಕ್ಕೆ 27 ಗ್ರಾಂ ಕಾರ್ಬ್. 150 ಗ್ರಾಂ ತೊಗರಿಬೇಳೆ ಬೆಂದು, ಪಾತ್ರೆಯ ತೂಕ ಕಳೆದು, 900 ಗ್ರಾಂ ಆದರೆ, 150 ಗ್ರಾಂ ಹಿಡಿಯುವ ಒಂದು ವಾಟಿಯಲ್ಲಿ ಸುಮಾರು 14 ಗ್ರಾಂ ಇರುತ್ತದೆ. ಕೆಲವು ವಾರ ಹೀಗೆ ಮಾಡಿದರೆ ತಮ್ಮ ಮನೆಯ ವಾಟಿ, ಸೌಟುಗಳ ಅಳತೆ ಕೈಗೆ ಹತ್ತುತ್ತದೆ, ಆಮೇಲೆ ತಕ್ಕಡಿ ಅಷ್ಟಾಗಿ ಬೇಕಾಗುವುದಿಲ್ಲ. ನಾಲ್ಕೈದು ಗ್ರಾಂ ಹೆಚ್ಚುಕಮ್ಮಿಗೆ ಚಿಂತಿಸಬೇಕಿಲ್ಲ, ಏಕೆಂದರೆ ಜೋಳದ ತಳಿ, ಬೆಂದ ಹದ ಇವುಗಳಿಂದಲೇ ಅಷ್ಟು ವ್ಯತ್ಯಾಸ ಬರುತ್ತದೆ. ಚಹಾವನ್ನು ಮನೆಯಿಂದ ಥರ್ಮಾಸಿನಲ್ಲಿ ಒಯ್ಯಬೇಕು; ಅದರ ಹಾಲನ್ನೂ 100 ಮಿ.ಲೀ.ಗೆ 5 ಗ್ರಾಂನಂತೆ ಬರೆಯಬೇಕು. ಮದುವೆ, ಸೀಮಂತದ ಊಟವಿದ್ದ ದಿನ ಅಂದಾಜು ಎಂದು ಬರೆದು ಮುಂದಕ್ಕೆ ಸಾಗಬೇಕು, ಮರುದಿನ ಉಪವಾಸ ಮಾಡಬಾರದು.

ದಂಪತಿಯ ವಿಷಯದಲ್ಲಿ ನಾನು ಒಂದನ್ನು ಬಲವಾಗಿ ಹೇಳಿದೆ: ಡೈರಿ ಬರೆಯುವುದೂ ಕೂಡಿಸುವುದೂ ಪೂರ್ತಿ ಪತಿಯ ಹೊಣೆ, ಅಡುಗೆ ಮಾಡಿದವರ ವಿಚಾರಣೆಗೆ ಅದನ್ನು ಬಳಸಕೂಡದು. ಸಂಖ್ಯೆ ಏರಿದಾಗ ಮೊದಲು ಲೆಕ್ಕವನ್ನು, ನಂತರ ನಿದ್ದೆ, ಜ್ವರ, ತಪ್ಪಿದ ಗುಳಿಗೆಗಳನ್ನು ನೋಡಬೇಕು. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ಪತ್ನಿಯ ಕಡೆ ತಿರುಗಿ ತಪ್ಪಾಯಿತೆಂದರು. ಆಕೆ ಕೇಳಿದ್ದು ಒಂದೇ: ಉಣ್ಣುವಾಗ ಡೈರಿ ತಾಟಿನ ಪಕ್ಕದಲ್ಲಿ ಇರಬಾರದು, ಉಂಡೆದ್ದ ಮೇಲೆ ಬರೆಯಲಿ. ಅದನ್ನೂ ಸಲಹೆಯ ಚೀಟಿಯಲ್ಲಿ ಸೇರಿಸಿ ಕೊಟ್ಟೆ.