ಬಾದಾಮಿ ಗುಡ್ಡ ಹತ್ತುವವರಿಗೆ ಅಂಡಮಾನ್‌ನ ಕಾಡುದಾರಿ ಕಷ್ಟ ಆಗುತ್ತಾ?

ಬಾಗಲಕೋಟೆಯಿಂದ ಜನವರಿಯಲ್ಲಿ ಅಂಡಮಾನ್‌ಗೆ ಹೊರಟಿದ್ದೀರಿ, ಜೊತೆಗೆ ಅರವತ್ತು ದಾಟಿದ ತಂದೆಯವರೂ ಇದ್ದಾರೆ. ಬಾದಾಮಿಯ ಗುಡ್ಡ ಹತ್ತಿ ರೂಢಿ ಇದೆ, ಅಂಡಮಾನ್‌ನಲ್ಲಿ ಯಾವ ದಾರಿ ನಡೆಯಬಹುದು ಅಂತ ಕೇಳಿದ್ದೀರಿ. ನಾನು ಬೆಳಗಾವಿಯವನು, ಅಲ್ಲಿ ನಡೆದು ಬಂದವನು. ಹತ್ತುವುದಕ್ಕೆ ಹೆದರಬೇಡಿ. ಸೆಕೆ, ಬೇಗ ಬೀಳುವ ಕತ್ತಲು, ಸಮುದ್ರದ ಉಬ್ಬರ, ಇವುಗಳ ಲೆಕ್ಕ ಮಾತ್ರ ಮೊದಲೇ ಹಾಕಿಕೊಳ್ಳಿ.

ಮೊದಲು ಸೆಕೆ. ನಮ್ಮದು ಒಣ ಬಿಸಿಲು. ಮೇ ತಿಂಗಳಲ್ಲಿ ಬಾದಾಮಿಯಲ್ಲಿ ನಡೆದರೂ ಅಂಗಿ ಅಲ್ಲಲ್ಲೇ ಒಣಗಿ, ಬೆನ್ನ ಮೇಲೆ ಉಪ್ಪಿನ ಬಿಳಿ ಗೆರೆ ಉಳಿಯುತ್ತದೆ. ಬೆವರು ಆರಿದಾಗಲೇ ಮೈ ತಂಪಾಗೋದು. ಅಂಡಮಾನ್‌ನಲ್ಲಿ ಗಾಳಿಯಲ್ಲೇ ಅಷ್ಟು ತೇವ ಇರುವಾಗ ಬೆವರು ಬೇಗ ಆರುವುದಿಲ್ಲ. ಬೆಳಿಗ್ಗೆ ನೆನೆದ ಅಂಗಿಯನ್ನು ರಾತ್ರಿಯಿಡೀ ಹಗ್ಗದ ಮೇಲೆ ಹಾಕಿದರೂ ಮರುದಿನ ಹಸಿಯಾಗೇ ಸಿಗುತ್ತದೆ. ಬಾಯಾರಿಕೆ ಆಗುವ ಮೊದಲೇ ನೀರು ಕುಡಿಯಿರಿ, ಅದರಲ್ಲಿ ಸ್ವಲ್ಪ ಉಪ್ಪು ಸಕ್ಕರೆ ಇರಲಿ. ಖಡಕ್ ರೊಟ್ಟಿ ಒಯ್ಯುವುದಾದರೆ ಬಿಗಿ ಮುಚ್ಚಳದ ಡಬ್ಬಿಯಲ್ಲಿ ಒಯ್ಯಿರಿ. ತೆರೆದಿಟ್ಟರೆ ಸಂಜೆಯೊಳಗೆ ಮೆತ್ತಗಾಗುತ್ತದೆ.

ದೊಡ್ಡ ನಡಿಗೆ ಬೇಕೆಂದರೆ ಉತ್ತರ ಅಂಡಮಾನ್‌ನ ದಿಗ್ಲಿಪುರದ ಹತ್ತಿರದ ಸ್ಯಾಡಲ್ ಪೀಕ್. ಇಡೀ ದ್ವೀಪಸಮೂಹದಲ್ಲೇ ಎತ್ತರದ ಜಾಗ, 732 ಮೀಟರ್. ನಮ್ಮ ಬೆಳಗಾವಿ ಊರೇ ಅದಕ್ಕಿಂತ ಎತ್ತರದಲ್ಲಿದೆ! ಆದರೆ ನಮ್ಮೂರ ಹತ್ತಿರದ ಯಳ್ಳೂರಗಡ ಕೋಟೆಗೆ ಹೋಗುವಾಗ ನಾವು ಬಹುಪಾಲು ಎತ್ತರವನ್ನು ಮನೆಯಲ್ಲೇ ಗಳಿಸಿರುತ್ತೇವೆ. ಸ್ಯಾಡಲ್ ಪೀಕ್‌ಗೆ ಲಾಮಿಯಾ ಬೇ ಕಡಲ ದಂಡೆಯಿಂದ ಹೊರಟು ಪೂರ್ತಿ 732 ಮೀಟರ್ ನೀವೇ ಹತ್ತಬೇಕು. ಹೋಗಲು ಸುಮಾರು 8 ಕಿಲೋಮೀಟರ್, ಬರಲು ಅಷ್ಟೇ. ಮೊದಲು ಕಲ್ಲು ಮರಳಿನ ದಂಡೆ, ಆಮೇಲೆ ದಟ್ಟ ಕಾಡು. ಕೆಲವು ಮರಗಳ ಬೇರು ಬುಡದಲ್ಲಿ ಗೋಡೆಯಂತೆ ಎದ್ದು ನಿಂತಿರುತ್ತವೆ, ಎರಡು ಬೇರಿನ ಸಂದಿಯಲ್ಲಿ ಆಳು ನಿಲ್ಲಬಹುದು. ನೆಲದ ಮೇಲೆ ಹರಡಿದ ಬೇರಿನ ಮೇಲೆ ಮಾತ್ರ ಕಾಲಿಡಬೇಡಿ, ಹಸಿ ಇದ್ದರೆ ಜಾರುತ್ತದೆ. ಅರಣ್ಯ ಇಲಾಖೆಯ ಅನುಮತಿ ಬೇಕು, ಸ್ಥಳೀಯ ಗೈಡ್ ಒಬ್ಬರನ್ನು ಕರೆದುಕೊಳ್ಳಿ. ತಂದೆಯವರನ್ನು ಇದಕ್ಕೆ ಕರೆದೊಯ್ಯಬೇಡಿ ಅಂತ ನನ್ನ ಕಳಕಳಿಯ ಮಾತು.

ಎರಡನೆಯದು ಕತ್ತಲು. ಗಡಿಯಾರ ನಮ್ಮದೇ, ಸೂರ್ಯ ಮಾತ್ರ ಬೇಗ. ಅಂಡಮಾನ್ ಬಾಗಲಕೋಟೆಗಿಂತ ಸುಮಾರು 17 ಡಿಗ್ರಿ ಪೂರ್ವಕ್ಕಿದೆ. ಡಿಗ್ರಿಗೆ 4 ನಿಮಿಷದಂತೆ ಒಂದು ಗಂಟೆಗೂ ಜಾಸ್ತಿ ವ್ಯತ್ಯಾಸ. ಜನವರಿಯಲ್ಲಿ ಐದೂವರೆಯೊಳಗೆ ಸೂರ್ಯ ಮುಳುಗಿರುತ್ತಾನೆ, ಕಾಡಿನೊಳಗೆ ಅದಕ್ಕೂ ಮೊದಲೇ ದಾರಿ ಮಸುಕು. ಹಾಗಾಗಿ ಬೆಳಿಗ್ಗೆ ಆರಕ್ಕೆಲ್ಲ ಹೊರಡಿ. ನಾಷ್ಟಾ ಮಾಡಿ ಒಂಬತ್ತಕ್ಕೆ ಹೊರಟರಾಯಿತು ಅನ್ನೋದು ಅಲ್ಲಿ ನಡೆಯಲ್ಲ.

ಉಬ್ಬರದ ಲೆಕ್ಕ ನಮ್ಮ ಬಯಲುಸೀಮೆಯವರಿಗೆ ಹೊಳೆಯುವುದೇ ಇಲ್ಲ, ಅಲ್ವಾ? ಸ್ವರಾಜ್ ದ್ವೀಪದಲ್ಲಿ, ಅಂದರೆ ಹಳೆಯ ಹ್ಯಾವ್‌ಲಾಕ್‌ನಲ್ಲಿ, ಎಲಿಫೆಂಟ್ ಬೀಚ್‌ಗೆ ಕಾಡಿನೊಳಗೆ ಸುಮಾರು 2 ಕಿಲೋಮೀಟರ್ ದಾರಿ ಇದೆ. ಕೊನೆಯ ಭಾಗ ಕಾಂಡ್ಲಾ ಗಿಡಗಳ, ಅಂದರೆ ಮ್ಯಾಂಗ್ರೋವ್‌ಗಳ ನಡುವೆ. ಇಳಿತದಲ್ಲಿ ಕೆಸರು ತುಳಿದು ದಾಟಬಹುದು, ಉಬ್ಬರದಲ್ಲಿ ಅಲ್ಲಿ ನೀರು ನಿಂತಿರುತ್ತದೆ. ಉಬ್ಬರದ ಹೊತ್ತು ದಿನಕ್ಕೆ ಸುಮಾರು 50 ನಿಮಿಷ ಮುಂದೆ ಹೋಗುತ್ತದೆ, ಅಮಾವಾಸ್ಯೆ ಹುಣ್ಣಿಮೆಯ ಆಸುಪಾಸು ನೀರು ಇನ್ನೂ ಮೇಲೇರುತ್ತದೆ. ನಿನ್ನೆ ಹೋದವರ ಸಮಯ ನಂಬಿ ಹೊರಡಬೇಡಿ, ಆ ದಿನದ ಸಮಯವನ್ನು ಜೆಟ್ಟಿಯಲ್ಲೋ ಹೋಟೆಲಿನಲ್ಲೋ ಕೇಳಿಕೊಳ್ಳಿ. ತೊರೆ ಸಮುದ್ರಕ್ಕೆ ಸೇರುವ ಕಡೆ ನೀರಿಗಿಳಿಯಲೇಬೇಡಿ, ಉಪ್ಪುನೀರಿನ ಮೊಸಳೆ ಇರುತ್ತವೆ. ಎಚ್ಚರಿಕೆ ಬೋರ್ಡ್ ಸುಮ್ನೆ ಹಾಕಿಲ್ಲ.

ತಂದೆಯವರಿಗೆ ಪೋರ್ಟ್ ಬ್ಲೇರ್ ಹತ್ತಿರದ ಮೌಂಟ್ ಹ್ಯಾರಿಯೆಟ್ ಬೆಟ್ಟ ಒಳ್ಳೆಯದು. ಈಗ ಅದರ ಹೆಸರು ಮೌಂಟ್ ಮಣಿಪುರ. 1891ರ ಯುದ್ಧದ ನಂತರ ಬ್ರಿಟಿಷರು ಮಣಿಪುರದ ಮಹಾರಾಜ ಕುಲಚಂದ್ರ ಮತ್ತು ಅವರ ಜೊತೆಯವರನ್ನು ಅಂಡಮಾನ್‌ಗೆ ಗಡಿಪಾರು ಮಾಡಿದ್ದರು, ಆ ನೆನಪಿಗೆ 2021ರಲ್ಲಿ ಇಟ್ಟ ಹೆಸರು. ಮೇಲಿನವರೆಗೂ ವಾಹನ ಹೋಗುತ್ತದೆ. ಅಲ್ಲಿಂದ ಕಾಲಾಪತ್ಥರ್‌ವರೆಗೆ ನೆರಳಿನ ಕಾಲುದಾರಿ, ಸುಮಾರು 2 ಕಿಲೋಮೀಟರ್, ಹೆಚ್ಚು ಏರಿಳಿತವಿಲ್ಲ. ಹಳೆಯ ಕೆಂಪು ಇಪ್ಪತ್ತು ರೂಪಾಯಿ ನೋಟಿನ ಹಿಂದೆ ತೆಂಗಿನಮರ, ದೀಪಸ್ತಂಭ ಇತ್ತಲ್ಲ, ಆ ನಾರ್ತ್ ಬೇ ನೋಟ ಈ ಬೆಟ್ಟದ ದಾರಿಯಲ್ಲೇ ಸಿಗುತ್ತದೆ. ಮನೆಯಲ್ಲಿ ಹಳೇ ನೋಟಿದ್ದರೆ ಒಂದು ಜೇಬಿನಲ್ಲಿರಲಿ, ಅಪ್ಪ ಖುಷಿಪಡುತ್ತಾರೆ. ಚಿಡಿಯಾ ಟಾಪುವಿನ ಮುಂಡಾ ಪಹಾಡ್ ದಾರಿ ಇನ್ನೂ ಚಿಕ್ಕದು, ಸಂಜೆಗೆ ಸರಿಹೋಗುತ್ತದೆ.

ದಿಗ್ಲಿಪುರಕ್ಕೆ ರಸ್ತೆಯಲ್ಲಿ ಹೋದರೆ ಅಲ್ಲಿನ ಮೂಲನಿವಾಸಿಗಳಾದ ಜಾರವಾ ಜನರ ಮೀಸಲು ಕಾಡು ದಾಟಬೇಕು. ವಾಹನಗಳನ್ನು ಸಾಲಾಗಿ ಬಿಡುತ್ತಾರೆ. ಅಲ್ಲಿ ನಿಲ್ಲಿಸುವುದು, ಫೋಟೋ ತೆಗೆಯುವುದು, ಏನಾದರೂ ಕೊಡುವುದು ಎಲ್ಲ ನಿಷಿದ್ಧ. ಅದು ಅವರ ಮನೆ, ಡ್ರೈವರ್ ಆಸೆ ತೋರಿಸಿದರೂ ಒಪ್ಪಬೇಡಿ. ದಂಡೆಯ ಹವಳದ ಚೂರು ಚೀಲಕ್ಕೆ ಹಾಕಿಕೊಂಡರೆ ವಿಮಾನ ನಿಲ್ದಾಣದಲ್ಲಿ ತೆಗೆಸುತ್ತಾರೆ. ಎಷ್ಟು ದಿನ ಇರುತ್ತೀರಿ ಅಂತ ತಿಳಿಸಿ, ದಿಗ್ಲಿಪುರ ಹಿಡಿಸುತ್ತಾ ಇಲ್ಲವಾ ಅಂತ ಹೇಳುತ್ತೇನೆ.